ನಲವತ್ತಾರು ಕೆಂಪು ಸುತ್ತುಗಳು

ಮೂರು ವರ್ಷದ ಹಿಂದೆ ನನ್ನ ಪಿಎಚ್‌ಡಿ ಪ್ರಬಂಧದ ಮೊದಲ ಅಧ್ಯಾಯದ ಕರಡು ಮಾರ್ಗದರ್ಶಕರ ಮೇಜಿನಿಂದ ವಾಪಸ್ ಬಂದಾಗ ಅದರಲ್ಲಿ 46 ಕೆಂಪು ಸುತ್ತುಗಳಿದ್ದವು. ಆ ಸಂಜೆ ಹಾಸ್ಟೆಲ್ ಕೋಣೆಯಲ್ಲಿ ಕೂತು ಒಂದೊಂದನ್ನೂ ಎಣಿಸಿದ್ದೇನೆ, ಹಾಗಾಗಿ ಲೆಕ್ಕ ಖಚಿತ. ವಾದದ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಅಂಚಿನಲ್ಲಿ ಎರಡು ಕಡೆ 'ಚೆನ್ನಾಗಿದೆ' ಎಂದೂ ಬರೆದಿದ್ದರು. ಸುತ್ತುಗಳು ಬಿದ್ದದ್ದು ಪುಟ್ಟ ಪುಟ್ಟ ಪದಗಳ ಮೇಲೆ: ಇನ್, ಆನ್, ಆ್ಯಟ್, ಆಫ್, ಟು, ವಿತ್. ಕೆಲವು ಕಡೆಯಂತೂ ಪದವೇ ಇರಲಿಲ್ಲ, ಇರಬೇಕಾಗಿದ್ದ ಖಾಲಿ ಜಾಗಕ್ಕೇ ಸುತ್ತು ಹಾಕಿದ್ದರು. ಕೊನೆಯ ಪುಟದಲ್ಲಿ ಒಂದು ಸಾಲು: ವಿಷಯ ಗಟ್ಟಿಯಾಗಿದೆ, ಇಂಗ್ಲಿಷ್ ಕೈಕೊಡುತ್ತಿದೆ.

ಇದು ನನಗೆ ಹೊಸ ಗಾಯವಾಗಿರಲಿಲ್ಲ. ನಾನು ಕಡೂರಿನ ಕಡೆಯವಳು, ಎಸ್ಸೆಸ್ಸೆಲ್ಸಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಂ.ಎ. ಮಾಡುವಾಗ ಒಂದು ವಿಚಾರ ಸಂಕಿರಣದಲ್ಲಿ ಎದ್ದು ನಿಂತು ನಾನು ಇಂಥದ್ದರ ಬಗ್ಗೆ ಚರ್ಚಿಸಬೇಕೆಂದಿದ್ದೇನೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ 'ಡಿಸ್ಕಸ್ ಅಬೌಟ್' ಅಂದೆ. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು ಕೈಯೆತ್ತಿ ತಡೆದು, 'ಡಿಸ್ಕಸ್ ಅನ್ನಿ ಸಾಕು, ಅಬೌಟ್ ಬೇಡ' ಎಂದರು. ಸಭೆ ನಕ್ಕಿತು. ಕೆಟ್ಟ ನಗು ಏನಲ್ಲ, ಮಕ್ಕಳು ಎಡವಿದಾಗ ನಗುತ್ತಾರಲ್ಲ, ಅಂಥದ್ದು. ಆದರೆ ನಾನು ಕೇಳಬೇಕೆಂದಿದ್ದ ಪ್ರಶ್ನೆ ಆ ನಗುವಿನಲ್ಲೇ ಕರಗಿಹೋಯಿತು. ಆಮೇಲೆ ಸುಮಾರು ಎರಡು ವರ್ಷ ನಾನು ಯಾವ ಸಂಕಿರಣದಲ್ಲೂ ಕೈ ಎತ್ತಲಿಲ್ಲ.

ನನ್ನ ಸಂಶೋಧನೆ ಹತ್ತೊಂಬತ್ತನೆಯ ಶತಮಾನದ ಶಾಲಾ ಪುಸ್ತಕಗಳ ಮೇಲೆ. ಹಾಗಾಗಿ ಹಳೆಯ ವ್ಯಾಕರಣಗಳು ಹೇಗೂ ಕೈಗೆ ಬರುತ್ತಿದ್ದವು. ಕೆಂಪು ಸುತ್ತು ಬಿದ್ದ ಮೇಲೆ ಅವುಗಳನ್ನು ಬೇರೊಂದು ಹಟದಿಂದ ಓದತೊಡಗಿದೆ. ಈ ಪದಗಳಿಗೆ ಇಷ್ಟು ಅಧಿಕಾರ ಎಲ್ಲಿಂದ ಬಂತು? ಇದು ಸರಿ, ಅದು ತಪ್ಪು ಎಂದು ಮೊದಲು ಹೇಳಿದವರು ಯಾರು? ಆ ಹುಡುಕಾಟದಲ್ಲಿ ಸಿಕ್ಕಿದ್ದನ್ನು ಇಲ್ಲಿ ಹೇಳುತ್ತೇನೆ. ನನ್ನ ಹಾಗೆಯೇ ಕೈ ಎತ್ತದೆ ಕೂತವರು ಓದುಗರಲ್ಲಿ ಇನ್ನೂ ಕೆಲವರಾದರೂ ಇರಬಹುದು ಎಂಬ ಅನುಮಾನ ನನಗಿದೆ.

ಮೊದಲು ನಾವು ಎಡವುವುದು ಯಾಕೆ ಎಂದು ನೋಡೋಣ. ಕನ್ನಡದ 'ಅಲ್ಲಿ' ಎಂಬ ಒಂದು ಪ್ರತ್ಯಯ ಹೊರುವ ಹೊರೆ ದೊಡ್ಡದು. ಪೆಟ್ಟಿಗೆಯಲ್ಲಿ ಒಡವೆ, ಬಸ್ ಸ್ಟ್ಯಾಂಡಿನಲ್ಲಿ ಅಪ್ಪ, ಬಸ್ಸಿನಲ್ಲಿ ಅಮ್ಮ. ನಮಗೆ ಮೂರೂ 'ಅಲ್ಲಿ'. ಇಂಗ್ಲಿಷಿನವರಿಗೆ ಒಡವೆ 'ಇನ್', ಅಪ್ಪ 'ಆ್ಯಟ್', ಅಮ್ಮ 'ಆನ್'. ಹೊತ್ತಿನ ವಿಷಯಕ್ಕೆ ಬಂದರೆ ಐದು ಗಂಟೆಗೆ ಎನ್ನುವಾಗ ನಾವು 'ಗೆ' ಹಚ್ಚುತ್ತೇವೆ, ಮಾರ್ಚ್ ತಿಂಗಳಲ್ಲಿ ಎನ್ನುವಾಗ 'ಅಲ್ಲಿ', ಸೋಮವಾರ ಬಾ ಎನ್ನುವಾಗ ಏನನ್ನೂ ಹಚ್ಚುವುದಿಲ್ಲ. ಅಲ್ಲಿಯೋ ಗಂಟೆಗೆ 'ಆ್ಯಟ್', ತಿಂಗಳಿಗೆ 'ಇನ್', ವಾರಕ್ಕೆ 'ಆನ್' ಬೇಕೇ ಬೇಕು. ನಮ್ಮ ಕೋಪ ಒಬ್ಬರ ಮೇಲೆ ಇರುತ್ತದೆ, ಅದಕ್ಕೇ ನಮ್ಮ ಹುಡುಗರು 'ಆ್ಯಂಗ್ರಿ ಆನ್' ಎನ್ನುತ್ತಾರೆ. ನಮ್ಮ ಮದುವೆ ಒಬ್ಬರ ಜೊತೆ ಆಗುತ್ತದೆ, ಅದಕ್ಕೇ 'ಮ್ಯಾರೀಡ್ ವಿತ್'. ಹಾಗೆ ಬರೆಯುವವರು ಯೋಚನೆ ಮಾಡದೆ ಬರೆಯುವವರಲ್ಲ. ಅವರು ಕನ್ನಡದ ತರ್ಕದಲ್ಲಿ ಸರಿಯಾಗಿಯೇ ಯೋಚಿಸಿದ್ದಾರೆ.

ಇನ್ನೊಂದು ತಮಾಷೆ ಇದೆ. ನಮ್ಮ ಶಾಲೆಗಳಲ್ಲಿ ಪ್ರಿಪೊಸಿಷನ್ ಎಂಬುದನ್ನು 'ಉಪಸರ್ಗ' ಎಂದು ಹೇಳಿಕೊಟ್ಟವರಿದ್ದಾರೆ. ಸಂಸ್ಕೃತದ ಉಪಸರ್ಗ ಕ್ರಿಯಾಪದಕ್ಕೆ ಅಂಟುವಂಥದ್ದು: ಪ್ರಹಾರ, ಆಹಾರ, ವಿಹಾರ, ಸಂಹಾರಗಳಲ್ಲಿ ಕಾಣುವ ಪ್ರ, ಆ, ವಿ, ಸಂ. ನಾಮಪದದ ಮುಂದೆ ನಿಂತು ಅದನ್ನು ವಾಕ್ಯಕ್ಕೆ ಕಟ್ಟುವ ಪದ ಕನ್ನಡದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಆ ಕೆಲಸ ಮಾಡುವ ಮೇಲೆ, ಕೆಳಗೆ, ಜೊತೆ, ಬಗ್ಗೆ ಎಲ್ಲ ನಾಮಪದದ ಹಿಂದೆ ಬರುತ್ತವೆ. ಇಲ್ಲದ ವಸ್ತುವಿಗೆ ಬೇರೆ ವಸ್ತುವಿನ ಹೆಸರಿಟ್ಟು ಪಾಠ ಮಾಡಿದರೆ ಮಕ್ಕಳಿಗೆ ಗೊಂದಲವಾಗದೆ ಇನ್ನೇನು?

ಆದರೆ ನನಗೆ ನಿಜಕ್ಕೂ ಅಚ್ಚರಿಯಾದದ್ದು, ಒಂದು ಕಾಲಕ್ಕೆ ಇಂಗ್ಲಿಷ್ ಕೂಡ ನಮ್ಮ ಹಾಗೆಯೇ ವಿಭಕ್ತಿಯ ಭಾಷೆಯಾಗಿತ್ತು ಎಂದು ತಿಳಿದಾಗ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕಲ್ಲಿಗೆ 'ಸ್ಟಾನ್' ಎನ್ನುತ್ತಿದ್ದರು. ಕಲ್ಲಿನ ಎನ್ನಲು 'ಸ್ಟಾನೆಸ್', ಕಲ್ಲಿಗೆ ಎನ್ನಲು 'ಸ್ಟಾನೆ', ಕಲ್ಲುಗಳಿಗೆ ಎನ್ನಲು 'ಸ್ಟಾನುಮ್'. ನಾವು ಶಾಲೆಯಲ್ಲಿ ರಾಮನು, ರಾಮನನ್ನು, ರಾಮನಿಂದ ಎಂದು ಬಾಯಿಪಾಠ ಮಾಡುತ್ತಿದ್ದೆವಲ್ಲ, ಹಾಗೆ ಅಲ್ಲೂ ಪದದ ಬಾಲ ಬದಲಾದರೆ ಸಂಬಂಧ ಬದಲಾಗುತ್ತಿತ್ತು. ಪ್ರಿಪೊಸಿಷನ್ನುಗಳು ಆಗಲೂ ಇದ್ದವು, ಆದರೆ ಹೊರೆಯಲ್ಲಿ ಅರ್ಧವನ್ನು ಬಾಲಗಳೇ ಹೊರುತ್ತಿದ್ದವು. ಕ್ರಿ.ಶ. 1000ದ ಆಸುಪಾಸಿನಲ್ಲಿ ಆಲ್ಫ್ರಿಕ್ ಎಂಬ ಸನ್ಯಾಸಿ ಲ್ಯಾಟಿನ್ ಕಲಿಯುವ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಒಂದು ವ್ಯಾಕರಣ ಬರೆದ. ಲ್ಯಾಟಿನ್ನಿನ 'ಪ್ರೆಪೊಸಿಟಿಯೊ' ಎಂಬ ಪದವನ್ನು ಅವನು ತನ್ನ ಮಾತಿಗೆ ತಂದದ್ದು 'ಫೋರ್‌ಸೆಟ್‌ನಿಸ್' ಎಂದು. ಮುಂದೆ ಇಟ್ಟದ್ದು ಎಂದು ಅದರ ಅರ್ಥ. ಆ ಹೆಸರು ಉಳಿಯಲಿಲ್ಲ, ಲ್ಯಾಟಿನ್ನಿನ ಹೆಸರೇ ಗೆದ್ದಿತು. ಈ ಹೆಸರು ಮುಂದೆ ದೊಡ್ಡ ರಗಳೆಗೆ ಕಾರಣವಾಗುತ್ತದೆ, ನೆನಪಿಟ್ಟುಕೊಂಡಿರಿ.

ಬಾಲಗಳು ಉದುರಿದ್ದಕ್ಕೆ ಒಂದೇ ಕಾರಣವಿಲ್ಲ. ಇಂಗ್ಲಿಷಿನಲ್ಲಿ ಒತ್ತು ಸಾಮಾನ್ಯವಾಗಿ ಪದದ ಮೊದಲಿಗೆ ಬೀಳುತ್ತಿತ್ತು, ಕೊನೆಯ ಸ್ವರಗಳು ಬಾಯಲ್ಲಿ ಸವೆಯುತ್ತಾ ಹೋದವು. ಒಂಬತ್ತನೆಯ ಶತಮಾನದಿಂದ ಉತ್ತರ ಮತ್ತು ಪೂರ್ವ ಇಂಗ್ಲೆಂಡಿನಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯಾದವರ ಮಾತಿನಲ್ಲಿ ಬೇರುಪದಗಳು ಹೆಚ್ಚುಕಡಿಮೆ ಇವೇ, ಬಾಲಗಳು ಮಾತ್ರ ಬೇರೆ. ನೆರೆಹೊರೆಯವರು ಸಂತೆಯಲ್ಲಿ ಮಾತಾಡುವಾಗ ಅರ್ಥವಾಗುವ ಬೇರನ್ನು ಉಳಿಸಿಕೊಂಡು ಗೊಂದಲದ ಬಾಲವನ್ನು ಬಿಡುವುದು ಸಹಜ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚ್ ಕೂತಿತು, ಹಳೆಯ ಬರಹದ ಕಟ್ಟುಪಾಡನ್ನು ಕಾಯುವವರು ಕಡಿಮೆಯಾದರು. ಪೀಟರ್‌ಬರೊ ಎಂಬಲ್ಲಿನ ಮಠದಲ್ಲಿ 1154ರವರೆಗೂ ಇಂಗ್ಲಿಷಿನಲ್ಲಿ ವರ್ಷವರ್ಷದ ಘಟನೆಗಳನ್ನು ಬರೆದಿಟ್ಟ ಹೊತ್ತಗೆಯೊಂದಿದೆ. ಅದರ ಕೊನೆಯ ಪುಟಗಳಿಗೆ ಬರುವಷ್ಟರಲ್ಲಿ ವಿಭಕ್ತಿಗಳು ಎಲೆಯುದುರಿದ ಮರದ ಹಾಗೆ ಕಾಣುತ್ತವೆ.

ಬಾಲ ಹೋದರೂ ಕೆಲಸ ನಿಲ್ಲುವಂತಿಲ್ಲ. ಹೊರೆಯೆಲ್ಲ ಆ ಪುಟ್ಟ ಪದಗಳ ತಲೆಯ ಮೇಲೆ ಬಿತ್ತು. ಅವಕ್ಕೋ ಆಗಲೇ ತಮ್ಮದೇ ಅರ್ಥಗಳಿದ್ದವು. ಉದಾಹರಣೆಗೆ 'ಆಫ್' ಎಂಬುದರ ಹಳೆಯ ಅರ್ಥ 'ಇಂದ, ದೂರಕ್ಕೆ' ಎಂದು. ಷಷ್ಠಿಯ ಬಾಲ ಸವೆದ ಮೇಲೆ, ಫ್ರೆಂಚಿನ 'ದ' ಎಂಬ ಪದದ ಒತ್ತಾಸೆಯೂ ಸಿಕ್ಕಿ, ಅದು ನಮ್ಮ 'ರಾಮನ ಮನೆ'ಯ 'ಅ'ಕಾರದ ಕೆಲಸಕ್ಕೆ ಬಂದು ನಿಂತಿತು. ದೂರ ಎಂಬ ಅರ್ಥವನ್ನು ಉಳಿಸಿಕೊಂಡದ್ದು ಅದರ ಒಡಹುಟ್ಟು, ಎರಡು ಎಫ್ ಇರುವ 'ಆಫ್'. ಲೈಟ್ ಆಫ್ ಮಾಡು ಎನ್ನುವಾಗಿನ ಆಫ್. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ ಎಂದು ನಾವು ಪೇಚಾಡುತ್ತೇವೆ, ಆದರೆ ಮೂಲದಲ್ಲಿ ಅವು ಒಂದೇ ಪದ.

'ವಿತ್' ಪದದ ಕಥೆ ಇನ್ನೂ ವಿಚಿತ್ರ. ಅದರ ಹಳೆಯ ಅರ್ಥ 'ಎದುರಾಗಿ, ವಿರುದ್ಧವಾಗಿ'. ಜೊತೆ ಎನ್ನಲು ಆಗ 'ಮಿಡ್' ಎಂಬ ಬೇರೆ ಪದವಿತ್ತು. ಕಾಲಕ್ರಮದಲ್ಲಿ ವಿರುದ್ಧವೇ ಜೊತೆಯಾಯಿತು, 'ಮಿಡ್' ಮೂಲೆಗುಂಪಾಯಿತು. ಎದುರಿಸಿ ನಿಲ್ಲುವುದಕ್ಕೆ ಇವತ್ತಿಗೂ 'ವಿತ್‌ಸ್ಟ್ಯಾಂಡ್' ಎನ್ನುತ್ತಾರಲ್ಲ, ಅಲ್ಲಿ ಹಳೆಯ ಅರ್ಥ ಬದುಕಿದೆ. ಸೂಲಗಿತ್ತಿಗೆ ಹೇಳುವ 'ಮಿಡ್‌ವೈಫ್' ಎಂಬಲ್ಲಿ ಹಳೆಯ 'ಮಿಡ್' ಉಳಿದುಕೊಂಡಿದೆ. ಹೆರುವವಳ ಜೊತೆ ಇರುವ ಹೆಂಗಸು ಎಂದು ಆ ಪದದ ಅರ್ಥ. ನಿದ್ದೆಯಲ್ಲಿ ಎನ್ನುವ 'ಅಸ್ಲೀಪ್' ಪದದ ಮೊದಲ 'ಅ', ದಿನಕ್ಕೆ ಎರಡು ಸಲ ಎನ್ನುವ 'ಟ್ವೈಸ್ ಅ ಡೇ'ಯ 'ಅ', ಎರಡೂ ಸವೆದುಹೋದ 'ಆನ್'ಗಳೇ. ಗಂಟೆ ಹೇಳುವಾಗಿನ 'ಓ ಕ್ಲಾಕ್' ಪದದ 'ಓ' ಸವೆದ 'ಆಫ್'. ಬಾಯಿಗೆ ಹೊಂದಿದ ಹಾಗೆ ಸವೆದ ಈ ಪದಗಳನ್ನು ತರ್ಕದ ತಕ್ಕಡಿಯಲ್ಲಿಟ್ಟು ತೂಗಿದರೆ ಮುಳ್ಳು ನಿಲ್ಲುವುದೇ ಇಲ್ಲ. ಅವಲಂಬಿಸು ಎನ್ನುವ 'ಡಿಪೆಂಡ್' ಪದದ ಲ್ಯಾಟಿನ್ ಮೂಲಕ್ಕೆ 'ತೂಗುಬೀಳು' ಎಂದರ್ಥ. ತೂಗುಬೀಳುವುದು ಒಂದರಿಂದ. ಫ್ರೆಂಚಿನವರು ಆ ತರ್ಕದಂತೆ ಇಂದಿಗೂ 'ದ' ಎನ್ನುತ್ತಾರೆ. ಇಂಗ್ಲಿಷಿನವರು 'ಆನ್' ಎನ್ನುತ್ತಾರೆ. ಯಾಕೆ ಎಂದು ಕೇಳಿದರೆ ಉತ್ತರ ಇಷ್ಟೆ: ಹಾಗೆ ಹೇಳಿ ರೂಢಿಯಾಗಿದೆ.

ರೂಢಿಯನ್ನು ಒಪ್ಪಿಕೊಳ್ಳಬಹುದು. ಆದರೆ ರೂಢಿಯ ಮೇಲೆ ಒಂದು ಕಾನೂನು ಬಂದು ಕೂತದ್ದು ಹದಿನೇಳನೆಯ ಶತಮಾನದಲ್ಲಿ.

1672ರಲ್ಲಿ ಇಂಗ್ಲೆಂಡಿನ ಆಸ್ಥಾನ ಕವಿ ಜಾನ್ ಡ್ರೈಡನ್ ಒಂದು ಪ್ರಬಂಧ ಬರೆದ. ಹಿಂದಿನ ತಲೆಮಾರಿನ ನಾಟಕಕಾರರಿಗಿಂತ ತನ್ನ ಕಾಲದವರ ಭಾಷೆ ಹೆಚ್ಚು ನಯವಾದದ್ದು ಎಂದು ತೋರಿಸುವುದು ಅದರ ಉದ್ದೇಶ. ಅದಕ್ಕಾಗಿ ತೀರಿಹೋಗಿ ಮೂವತ್ತೈದು ವರ್ಷವಾಗಿದ್ದ ಬೆನ್ ಜಾನ್ಸನ್ನನ 'ಕ್ಯಾಟಿಲೀನ್' ನಾಟಕದಿಂದ ಸಾಲುಗಳನ್ನೆತ್ತಿ ತಪ್ಪು ಹುಡುಕಿದ. ಅದರಲ್ಲಿ ಒಂದು ತಪ್ಪು, ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬಂದಿದೆ ಎಂಬುದು. ತನ್ನ ಬರಹದಲ್ಲೂ ಆ ದೋಷ ಇದೆ ಎಂದು ಡ್ರೈಡನ್ ಒಪ್ಪಿಕೊಂಡ. ಒಪ್ಪಿಕೊಂಡು ಸುಮ್ಮನಿರಲಿಲ್ಲ. 1668ರಲ್ಲಿ ಅಚ್ಚಾಗಿದ್ದ ನಾಟಕ ಕಾವ್ಯದ ಮೇಲಿನ ತನ್ನ ಪ್ರಬಂಧವನ್ನು 1684ರಲ್ಲಿ ಮತ್ತೆ ಅಚ್ಚು ಹಾಕಿಸುವಾಗ ಕೊನೆಗೆ ಬಿದ್ದಿದ್ದ ಪ್ರಿಪೊಸಿಷನ್ನುಗಳನ್ನು ಹೆಕ್ಕಿ ಒಳಗೆ ಸೇರಿಸಿದ. ತನ್ನ ಇಂಗ್ಲಿಷ್ ಸರಿಯಿದೆಯೋ ಇಲ್ಲವೋ ಎಂದು ಅನುಮಾನ ಬಂದಾಗ ಅದನ್ನು ಲ್ಯಾಟಿನ್ನಿಗೆ ಮಾಡಿ ನೋಡುತ್ತೇನೆ ಎಂದೂ 1679ರಲ್ಲಿ ಬರೆದಿದ್ದಾನೆ. ಇದನ್ನು ಓದಿದ ದಿನ ನಾನು ಗ್ರಂಥಾಲಯದಲ್ಲಿ ಒಬ್ಬಳೇ ನಕ್ಕೆ. ಇಂಗ್ಲೆಂಡಿನ ಆಸ್ಥಾನ ಕವಿಗೂ ತನ್ನ ಇಂಗ್ಲಿಷಿನ ಮೇಲೆ ನಂಬಿಕೆ ಇರಲಿಲ್ಲ! ನಾನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ಮಾಡಿಕೊಳ್ಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಬರೆದು ಲ್ಯಾಟಿನ್ನಿನಲ್ಲಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದ.

ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ವಾಕ್ಯದ ಕೊನೆಗೆ ಒಂಟಿಯಾಗಿ ಉಳಿಯುವುದಿಲ್ಲ. ಅದರ ಹೆಸರಿನ ಅರ್ಥವೇ ಮುಂದೆ ಇಟ್ಟದ್ದು. ಮುಂದೆ ಇಡಬೇಕಾದ್ದನ್ನು ಹಿಂದೆ ಇಟ್ಟರೆ ಹೆಸರಿಗೇ ಅಪಚಾರ ಎಂದು ವಿದ್ವಾಂಸರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಇಂಗ್ಲಿಷ್ ಹಾಗೆ ನಡೆದುಕೊಂಡ ಭಾಷೆಯೇ ಅಲ್ಲ. ಆಲ್ಫ್ರಿಕ್‌ನ ಕಾಲದ ಇಂಗ್ಲಿಷಿನಲ್ಲೇ ಕೆಲವು ಬಗೆಯ ಉಪವಾಕ್ಯಗಳಲ್ಲಿ ಪ್ರಿಪೊಸಿಷನ್ ಹಿಂದೆ ಉಳಿದು ಕ್ರಿಯಾಪದದ ಮಗ್ಗುಲಿಗೆ ನಿಲ್ಲಲೇಬೇಕಿತ್ತು. ಅಂದರೆ ಡ್ರೈಡನ್ ದೋಷ ಎಂದದ್ದು ನಾರ್ಮನ್ನರು ಬರುವುದಕ್ಕಿಂತ ಹಳೆಯ ಆಸ್ತಿ.

1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ, ಮುಂದೆ ಲಂಡನ್ನಿನ ಬಿಷಪ್ ಆದವರು, ಇಂಗ್ಲಿಷಿಗೆ ಒಂದು ಸಣ್ಣ ವ್ಯಾಕರಣ ಬರೆದರು. ಲೌತ್ ಈ ನಿಯಮದ ಖಳನಾಯಕ ಎಂದು ಹೇಳುವ ವಾಡಿಕೆ ಇದೆ, ಪುಸ್ತಕ ತೆರೆದರೆ ಬೇರೆಯೇ ಕಾಣುತ್ತದೆ. ವಾಕ್ಯದ ಕೊನೆಗೆ ಪ್ರಿಪೊಸಿಷನ್ ಇಡುವುದು ಮಾತುಕತೆಯಲ್ಲಿ, ಸಲಿಗೆಯ ಬರಹದಲ್ಲಿ ಚೆನ್ನಾಗಿ ಹೊಂದುತ್ತದೆ, ಗಂಭೀರ ಶೈಲಿಗೆ ಮುಂದೆ ಇಡುವುದೇ ಚಂದ ಎಂದಷ್ಟೇ ಅವರು ಹೇಳಿದ್ದು. ಇಂಥ ಬಳಕೆಗೆ ನಮ್ಮ ಭಾಷೆಯ ಒಲವು ಬಲವಾಗಿದೆ ಎಂದು ಹೇಳುವ ಅವರ ವಾಕ್ಯವೇ ಪ್ರಿಪೊಸಿಷನ್ನಿನಿಂದ ಮುಗಿಯುತ್ತದೆ. ಬೇಕೆಂದೇ ಕಣ್ಣು ಮಿಟುಕಿಸಿ ಬರೆದಂತಿದೆ. 1795ರಲ್ಲಿ ಲಿಂಡ್ಲಿ ಮರ್ರೆ ಎಂಬ ಅಮೆರಿಕದ ವಕೀಲ, ಆಗ ಇಂಗ್ಲೆಂಡಿನ ಯಾರ್ಕ್ ಊರಿನ ಬಳಿ ನೆಲೆಸಿದ್ದವನು, ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ ತನ್ನದೊಂದು ವ್ಯಾಕರಣ ಬರೆದ. ಲೌತ್‌ರಿಂದ ಧಾರಾಳವಾಗಿ ಎತ್ತಿಕೊಂಡ. ಆದರೆ ಆ ವಾಕ್ಯಕ್ಕೆ ಬಂದಾಗ ಕೊನೆಯಲ್ಲಿದ್ದ ಪ್ರಿಪೊಸಿಷನ್ನನ್ನು ಕಿತ್ತು ಒಳಗೆ ಸರಿಸಿ 'ತಿದ್ದಿದ'. ನಗು ಹೋಯಿತು, ನಿಯಮ ಉಳಿಯಿತು. ಮರ್ರೆಯ ಪುಸ್ತಕ ಅಟ್ಲಾಂಟಿಕ್‌ನ ಎರಡೂ ದಂಡೆಗಳಲ್ಲಿ ಲಕ್ಷಗಟ್ಟಲೆ ಮಾರಾಟವಾಯಿತು.

ಆ ಕಾಲದ ಇನ್ನೊಂದು ಜಗಳ 'ಅವರ್ಸ್' ಎಂಬ ಪದದ್ದು. ಇಷ್ಟವಿಲ್ಲದ, ವಿಮುಖವಾದ ಎಂದು ಅದರ ಅರ್ಥ. ಲ್ಯಾಟಿನ್ನಿನಲ್ಲಿ ಒಂದರಿಂದ ಮುಖ ತಿರುಗಿಸುವುದು, ಆದ್ದರಿಂದ ಅದರ ಜೊತೆ 'ಫ್ರಮ್' ಬರಬೇಕು, ಜನ ಬಳಸುವ 'ಟು' ಸರಿಯಲ್ಲ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತಮ್ಮ ನಿಘಂಟಿನಲ್ಲಿ ಹೇಳಿದರು. ಇವತ್ತು ಯಾವ ಪರೀಕ್ಷೆಯಲ್ಲಾದರೂ 'ಅವರ್ಸ್ ಫ್ರಮ್' ಎಂದು ಬರೆದು ನೋಡಿ, ಅಂಕ ಹೋಗುತ್ತದೆ. ಅಂದಿನ ತಪ್ಪು ಇಂದಿನ ಸರಿ.

ಈ ಸಾಮಾನು ನಮ್ಮಲ್ಲಿಗೆ ಬಂದು ಇಳಿದ ದಾರಿ ಎಲ್ಲರಿಗೂ ಗೊತ್ತು. 1835ರಲ್ಲಿ ಮೆಕಾಲೆಯ ಟಿಪ್ಪಣಿ, 1854ರಲ್ಲಿ ವುಡ್‌ನ ಶಿಕ್ಷಣ ಪತ್ರ, 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು. ಇಂಗ್ಲಿಷ್ ಎಂದರೆ ಪರೀಕ್ಷೆ, ಪರೀಕ್ಷೆ ಎಂದರೆ ಸರ್ಕಾರಿ ಕೆಲಸ ಎಂಬ ಸಮೀಕರಣ ಗಟ್ಟಿಯಾದದ್ದು ಆಗ. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಉತ್ತರ ಭಾರತದ ಶಿಕ್ಷಣ ಇಲಾಖೆಯಲ್ಲಿ ದುಡಿದ ಜೆ.ಸಿ. ನೆಸ್‌ಫೀಲ್ಡ್ ಬರೆದ ವ್ಯಾಕರಣಗಳು ಬಂದವು. ಆಮೇಲೆ ನಮ್ಮ ಅಜ್ಜಂದಿರಿಂದ ನಮ್ಮವರೆಗೂ ಎಲ್ಲರ ಕೈಯಲ್ಲಿ ಓಡಾಡಿದ ರೆನ್ ಮತ್ತು ಮಾರ್ಟಿನ್. ಆ ರೆನ್ ಬೇರೆ ಯಾರೂ ಅಲ್ಲ, ಫ್ರೆಂಚ್ ವಿದೇಶಿ ದಂಡಿನ ಸಾಹಸದ ಕಥೆ 'ಬೋ ಜೆಸ್ಟ್' ಕಾದಂಬರಿಯನ್ನು 1924ರಲ್ಲಿ ಬರೆದ ಪಿ.ಸಿ. ರೆನ್. ಬೊಂಬಾಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದವರು.

ಈ ಪುಸ್ತಕಗಳನ್ನು ಸಾಲಾಗಿ ಓದುವಾಗ ಪ್ರಿಪೊಸಿಷನ್ ಪರೀಕ್ಷೆಗೆಂದೇ ಹುಟ್ಟಿದ ವಸ್ತು ಎಂದು ನನಗೆ ಅನ್ನಿಸತೊಡಗಿತು. ಒಂದು ವಾಕ್ಯ, ಒಂದು ಖಾಲಿ ಜಾಗ, ಒಂದು ಉತ್ತರ. ಪ್ರಬಂಧ ಓದಿ ಅಂಕ ಕೊಡಲು ಮೇಷ್ಟ್ರಿಗೆ ಅರ್ಧ ಗಂಟೆ ಬೇಕು, ಬಿಟ್ಟ ಸ್ಥಳ ತುಂಬಿದ್ದನ್ನು ತಿದ್ದಲು ಅರ್ಧ ನಿಮಿಷ ಸಾಕು. ಸಾವಿರ ವರ್ಷದ ಬಾಯಿಗಳಲ್ಲಿ ಸವೆದ ಪದ ಕೊನೆಗೆ ಒಂದು ಡ್ಯಾಶಿನ ಮೇಲೆ ಬಂದು ಕೂತಿತು. ಅಲ್ಲಿ 'ಇದೂ ಆಗಬಹುದು' ಎಂಬ ಉತ್ತರಕ್ಕೆ ಜಾಗವೇ ಇಲ್ಲ. ವಾರಾಂತ್ಯದಲ್ಲಿ ಎನ್ನಲು ಬ್ರಿಟನ್ನಿನವರು 'ಆ್ಯಟ್' ಎನ್ನುತ್ತಾರೆ, ಅಮೆರಿಕದವರು 'ಆನ್' ಎನ್ನುತ್ತಾರೆ. ಇಬ್ಬರೂ ಸುಖವಾಗಿದ್ದಾರೆ. ಪರೀಕ್ಷೆ ಬರೆಯುವ ನಮ್ಮ ಹುಡುಗಿಗೆ ಮಾತ್ರ ಯಾರ ಉತ್ತರ ಬರೆಯಬೇಕೆಂದು ಚಿಂತೆ.

ಈ ಚರಿತ್ರೆಯಲ್ಲಿ ಕಲಿಯುವವರ ಕಷ್ಟವನ್ನು ಕಿವಿಗೊಟ್ಟು ಕೇಳಿದವರೂ ಇದ್ದಾರೆ. 1920ರ ದಶಕದಲ್ಲಿ ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದ ಎ.ಎಸ್. ಹಾರ್ನ್‌ಬಿ ಅಂಥವರು. ಇಂಗ್ಲಿಷ್ ಹುಟ್ಟುಭಾಷೆಯಾದವರಿಗೆ ನಿಘಂಟು ಬೇಕಾಗುವುದು ಕಷ್ಟದ ಪದಗಳಿಗೆ, ಹೊರಗಿನಿಂದ ಕಲಿಯುವವರಿಗೆ ಬೇಕಾಗುವುದು ಸುಲಭದ ಪದಗಳಿಗೆ ಎಂಬ ತಿಳಿವಿನ ಮೇಲೆ ಕಟ್ಟಿದ ಕೆಲಸ ಅವರದು. ಒಂದು ಪದದ ಅರ್ಥ ಹೇಳಿದರೆ ಸಾಲದು, ಅದರ ಹಿಂದೆ ಯಾವ ಪುಟ್ಟ ಪದ ಬರುತ್ತದೆ, ವಾಕ್ಯದಲ್ಲಿ ಅದನ್ನು ಹೇಗೆ ಹೂಡಬೇಕು ಎಂದೂ ತೋರಿಸಬೇಕು. ಅವರು ಇಬ್ಬರು ಜೊತೆಗಾರರೊಂದಿಗೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಹೊರತಂದಿತು. ಇವತ್ತು ನಮ್ಮ ಮೇಜಿನ ಮೇಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರ ಮರಿಮಗು. ಜಪಾನಿ ಕೂಡ ನಮ್ಮ ಹಾಗೆ ನಾಮಪದದ ಹಿಂದೆ ಅಂಟಿಸುವ ಭಾಷೆ. ಅಲ್ಲಿನ ಮಕ್ಕಳು ಎಡವಿದ್ದರಿಂದ ನಮಗೂ ಒಂದು ಊರುಗೋಲು ಸಿಕ್ಕಿತು.

ಇಷ್ಟಾದ ಮೇಲೆ ನಮ್ಮ ಕಡೆಯ ಮಾತನ್ನೂ ಆಡಬೇಕು. ನಿಯಮವನ್ನು ಪರಭಾಷೆಯಿಂದ ತಂದು ಹೇರಿದವರು ಇಂಗ್ಲಿಷರು ಮಾತ್ರವಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಸಂಸ್ಕೃತದ ಮಾದರಿಯಂತೆ ಕನ್ನಡಕ್ಕೂ ಏಳು ವಿಭಕ್ತಿ ಎಣಿಸಿದ. ಮ್, ಅಂ, ಇಂ, ಗೆ, ಅತ್ತಣಿಂ, ಅ, ಒಳ್. ಇದರಲ್ಲಿ ಐದನೆಯದನ್ನು ನಾವು ಶಾಲೆಯಲ್ಲಿ 'ದೆಸೆಯಿಂದ' ಎಂದು ಉರುಹೊಡೆದೆವು. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾರಾದರೂ ಹೇಳಿದ್ದನ್ನು ಕೇಳಿದ್ದೀರಾ? ಮರದಿಂದ ಬಿತ್ತು ಎನ್ನುತ್ತೇವೆ, ಅದು ತೃತೀಯೆಯ 'ಇಂದ'ವೇ. ಪಟ್ಟಿಯಲ್ಲಿ ಏಳು ಮನೆಗಳಿದ್ದವು, ಕನ್ನಡ ಆರರಲ್ಲೇ ಸಂಸಾರ ಮಾಡುತ್ತಿತ್ತು, ಏಳನೆಯದಕ್ಕೊಂದು ಬೀಗ ಹಾಕಿಟ್ಟೆವು. ಆದರೆ ಕೇಶಿರಾಜ ದೊಡ್ಡವನು. ಒಂದು ವಿಭಕ್ತಿಯ ಜಾಗದಲ್ಲಿ ಇನ್ನೊಂದು ಬರುವುದನ್ನು ಅವನು ಗಮನಿಸಿದ್ದ, ಅದಕ್ಕೆ ವಿಭಕ್ತಿಪಲ್ಲಟ ಎಂದು ಹೆಸರಿಟ್ಟು ವ್ಯಾಕರಣದ ಒಳಗೇ ಜಾಗ ಕೊಟ್ಟ. ಬಳಕೆ ಸೂತ್ರವನ್ನು ದಾಟಿದಾಗ ಬಳಕೆಗೆ ಕೆಂಪು ಸುತ್ತು ಹಾಕದೆ, ಇನ್ನೊಂದು ಸೂತ್ರ ಬರೆದ.

ಅತ್ತ ಕಡೆಯಿಂದ ಬಂದವರೂ ನಮ್ಮ ಭಾಷೆಯಲ್ಲಿ ಎಡವಿದ್ದಾರೆ. 1817ರಲ್ಲಿ ವಿಲಿಯಂ ಕೇರಿ ಶ್ರೀರಾಂಪುರದಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದರು, 1859ರಲ್ಲಿ ಥಾಮಸ್ ಹಾಡ್ಸನ್ ಬೆಂಗಳೂರಿನಲ್ಲಿ, 1903ರಲ್ಲಿ ಕಿಟ್ಟೆಲ್ ಮಂಗಳೂರಿನಲ್ಲಿ. ಕಿಟ್ಟೆಲ್ ಜರ್ಮನಿಯವರು, ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದರು. ಮೂರು ಭಾಷೆಯ ಸಣ್ಣ ಪದಗಳನ್ನು ತಲೆಯಲ್ಲಿಟ್ಟುಕೊಂಡು ಓಡಾಡಿದ ಆ ಮನುಷ್ಯ ಮಂಗಳೂರಿನ ಬೀದಿಯಲ್ಲಿ ಎಷ್ಟು ಸಲ 'ಅಲ್ಲಿ' ಎನ್ನಬೇಕಾದಲ್ಲಿ 'ಗೆ' ಎಂದಿರಬಹುದು! ನಮ್ಮ ಜನ ನಕ್ಕೂ ಇರಬಹುದು. ಆದರೆ ಅವರು ಬಾಯಿ ಮುಚ್ಚಿಕೊಂಡು ಕೂರಲಿಲ್ಲ. ಕೂತಿದ್ದರೆ ನಮಗೆ 1894ರ ಆ ನಿಘಂಟು ಸಿಗುತ್ತಿರಲಿಲ್ಲ.

ಇದೆಲ್ಲವನ್ನೂ ಓದಿ ಮುಗಿಸಿದ ಮೇಲೆ ನನ್ನ ಹಳೆಯ ಕರಡನ್ನು ಮತ್ತೆ ಹೊರಗೆ ತೆಗೆದೆ. 46 ಸುತ್ತುಗಳನ್ನು ಮೂರು ರಾಶಿ ಮಾಡಿದೆ. ಮೊದಲನೆಯದು, ಪದ ಬದಲಾದರೆ ಅರ್ಥವೇ ಬದಲಾಗುವಂಥವು. ರಿಜಿಸ್ಟರನ್ನು ಮೇಷ್ಟ್ರಿಗಾಗಿ ಬರೆದರು ಎಂದು ಹೇಳಬೇಕಾದಲ್ಲಿ ಮೇಷ್ಟ್ರೇ ಬರೆದರು ಎಂಬ ಅರ್ಥ ಬರುವ ಹಾಗೆ ಬರೆದಿದ್ದೆ. ಚರಿತ್ರೆ ಬರೆಯುವವರಿಗೆ ಇದು ಸಣ್ಣ ತಪ್ಪಲ್ಲ, ಸಾಕ್ಷಿಯನ್ನೇ ತಿರುಚಿದ ಹಾಗೆ. ಅಂಥವು 14 ಇದ್ದವು. ಎರಡನೆಯ ರಾಶಿ ಬರೀ ರೂಢಿಯದು. 'ಕಂಪ್ರೈಸ್ ಆಫ್', 'ಕೋಪ್ ಅಪ್ ವಿತ್', ನನ್ನ ಹಳೆಯ ಗೆಳತಿ 'ಡಿಸ್ಕಸ್ ಅಬೌಟ್'. ಅರ್ಥ ಯಾರಿಗೂ ಕೆಡುವುದಿಲ್ಲ, ಆದರೆ ಆ ಭಾಷೆಯ ಓದುಗರಿಗೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಅಂಥವು 28. 'ಟಾಕ್ ಅಬೌಟ್' ಸರಿ, 'ಡಿಸ್ಕಷನ್ ಅಬೌಟ್' ಕೂಡ ಸರಿ, 'ಡಿಸ್ಕಸ್ ಅಬೌಟ್' ಮಾತ್ರ ತಪ್ಪು ಎಂಬುದರಲ್ಲಿ ನ್ಯಾಯವೇನೂ ಇಲ್ಲ. ಕನ್ನಡದಲ್ಲಾದರೆ ಅದನ್ನು ಚರ್ಚಿಸು, ಅದರ ಬಗ್ಗೆ ಚರ್ಚಿಸು ಎರಡೂ ನಡೆಯುತ್ತವೆ. ನ್ಯಾಯವಿಲ್ಲದಿದ್ದರೂ ಇನ್ನೊಬ್ಬರ ಮನೆಗೆ ಹೋದಾಗ ಚಪ್ಪಲಿ ಎಲ್ಲಿ ಬಿಡಬೇಕೆಂದು ಅವರ ಮನೆಯವರೇ ಹೇಳಬೇಕು. ಮೂರನೆಯ ರಾಶಿಯಲ್ಲಿ ಉಳಿದವು ನಾಲ್ಕು. ನಾಲ್ಕರಲ್ಲೂ ವಾಕ್ಯ ಪ್ರಿಪೊಸಿಷನ್ನಿನಿಂದ ಮುಗಿದಿತ್ತು, ಅಷ್ಟೇ. ಅವು ಡ್ರೈಡನ್ನನ ಸುತ್ತುಗಳು. 1926ರಲ್ಲೇ ಫೌಲರ್ ತಮ್ಮ ಬಳಕೆಯ ನಿಘಂಟಿನಲ್ಲಿ ಮೂಢನಂಬಿಕೆ ಎಂದು ಕರೆದ ನಿಯಮ, ಮೂರೂವರೆ ಶತಮಾನ ನಡೆದು ಬಂದು ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ ಹಾಳೆಯ ಮೇಲೆ ಕೂತಿತ್ತು.

ಲೆಕ್ಕ ನೋಡಿ. ಚರಿತ್ರೆ ನನ್ನನ್ನು ಖುಲಾಸೆ ಮಾಡಲಿಲ್ಲ. 46ರಲ್ಲಿ 42 ತಿದ್ದಬೇಕಾದವೇ. ತಿದ್ದಿದೆ. ಹದಿನಾಲ್ಕನ್ನು ನಾಚಿಕೆಯಿಂದ, ಇಪ್ಪತ್ತೆಂಟನ್ನು ನಾಚಿಕೆಯಿಲ್ಲದೆ. ಉಳಿದ ನಾಲ್ಕನ್ನು ಹಾಗೇ ಬಿಟ್ಟು, ಮಾರ್ಗದರ್ಶಕರಿಗೆ ಅರ್ಧ ಪುಟದ ಟಿಪ್ಪಣಿ ಬರೆದೆ. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರನ್ನು ಒಪ್ಪಿದರು. ನಾಲ್ಕನೆಯದರಲ್ಲಿ ವಾಕ್ಯವೇ ಸೊಟ್ಟಗಿದೆ ಎಂದರು. ಮತ್ತೆ ಓದಿದೆ. ಹೌದು, ಸೊಟ್ಟಗಿತ್ತು.

ಈಗ ಹಾಸ್ಟೆಲಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಕೆಲವು ಹುಡುಗಿಯರಿಗೆ ವಾರಕ್ಕೆರಡು ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಲ್ಲೊಬ್ಬಳು ಹಗರಿಬೊಮ್ಮನಹಳ್ಳಿಯ ಕಡೆಯವಳು. ಮೊನ್ನೆ ಬಿಟ್ಟ ಸ್ಥಳ ತುಂಬುತ್ತಾ ಪೆನ್ನು ಕೆಳಗಿಟ್ಟು ಕೇಳಿದಳು, 'ಅಕ್ಕಾ, ಇದಕ್ಕ ಕಾರಣ ಐತೋ, ಇಲ್ಲಾ ಸುಮ್ನ ಬಾಯಿಪಾಠ ಮಾಡ್ಬೇಕೋ?' ನಾನು ಪ್ರಶ್ನೆ ನೋಡಿದೆ. 'ಡಿಪೆಂಡ್' ಮುಂದೆ ಡ್ಯಾಶ್ ಇತ್ತು. 'ಇದು ಬಾಯಿಪಾಠದ್ದು, ಕಾರಣ ಹುಡುಕಿ ತಲೆ ಕೆಡಿಸ್ಕೋಬೇಡ' ಎಂದೆ. ಅದರ ಕೆಳಗಿನದು, ಪೆಟ್ಟಿಗೆಯ ಒಳಗೋ ಮೇಲೋ ಎಂಬ ಪ್ರಶ್ನೆ, 'ಇದಕ್ಕೆ ಕಾರಣ ಇದೆ, ಪೆಟ್ಟಿಗೆಯನ್ನ ಕಣ್ಣ ಮುಂದೆ ತಂದುಕೋ' ಎಂದೆ. ಅವಳು ತಲೆಯಾಡಿಸಿ ಎರಡನ್ನೂ ಬರೆದಳು, ಎರಡೂ ಸರಿಯಿದ್ದವು. ನನಗೆ ಯಾರಾದರೂ ಹತ್ತು ವರ್ಷದ ಹಿಂದೆ ಇಷ್ಟು ಹೇಳಿದ್ದರೆ ಸಾಕಿತ್ತು: ಯಾವುದಕ್ಕೆ ಬುದ್ಧಿ ಬೇಕು, ಯಾವುದಕ್ಕೆ ಬರೀ ನೆನಪು ಸಾಕು, ಯಾವುದಕ್ಕೆ ಎದುರು ಮಾತಾಡಬಹುದು ಎಂದು.

ಕಳೆದ ತಿಂಗಳು ಒಂದು ಸಂಕಿರಣದಲ್ಲಿ ಕೈ ಎತ್ತಿದೆ. ಇಂಗ್ಲಿಷಿನಲ್ಲೇ ಕೇಳಿದೆ. ನಡುವೆ ಒಂದು ಕಡೆ 'ಆನ್' ಎನ್ನಬೇಕಾದಲ್ಲಿ 'ಇನ್' ಎಂದದ್ದು ನನಗೇ ಕೇಳಿಸಿತು. ನಿಲ್ಲಲಿಲ್ಲ, ಪ್ರಶ್ನೆಯನ್ನು ಕೊನೆಯವರೆಗೂ ಕೇಳಿದೆ. ಉತ್ತರ ಬಂತು.